ಸೊಂಟ ಬಗ್ಗಿಸದ ಅಡುಗೆಮನೆ

ಕಡಿಮೆ ಖರ್ಚಿನಲ್ಲಿ ಮನೆ ರಿಪೇರಿಗೆ ಕೈ ಹಾಕಿದವರಿಗೆ ದಿನಕ್ಕೊಂದು ಫಜೀತಿ ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಕೆಲವು ದಿನ ಎರಡೆರಡು ಆದವು, ಏಕೆಂದರೆ ಮೇಲುಸ್ತುವಾರಿ ನನ್ನದಿತ್ತು.

ನಾನು ರಾಯಚೂರಿನಲ್ಲಿ ಗಣಿತದ ಮಾಸ್ತರ. ನಮ್ಮದು ಹಳೇ ಮನೆ. ಗ್ಯಾಸ್ ಕಟ್ಟೆ ಎಷ್ಟು ಗಿಡ್ಡವೆಂದರೆ, ಐದಡಿಯೂ ಇಲ್ಲದ ನನ್ನ ಹೆಂಡತಿ ಕೂಡ ಬಗ್ಗಿಯೇ ಒಗ್ಗರಣೆ ಹಾಕಬೇಕು. ಇಪ್ಪತ್ತು ವರ್ಷ ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದುಕೊಂಡಿತ್ತು. "ಇನ್ನ ಬಗ್ಗೋ ಕೆಲಸ ಬಿಡ್ರಿ" ಎಂದು ಡಾಕ್ಟರು ಹೇಳಿದ ದಿನ ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಸೊಂಟ ಬಗ್ಗಿಸಲಾರದಂಥ ಅಡಿಗಿಮನಿ ಒಂದು ಮಾಡಿಸಿಕೊಡ್ರಿ."

ನನಗೆ ನಿಜಕ್ಕೂ ಪಾಪ ಅನ್ನಿಸಿತು. ಎಂಜಿನಿಯರಿಗೆ ಯಾಕೆ ದಂಡ ಎಂದು ನಕ್ಷೆಯನ್ನು ನಾನೇ ಬರೆದೆ.

ಅಮ್ಮನ ನೀರು

ರಾಯಚೂರಿನಲ್ಲಿ ಗೋಡೆ ಕಟ್ಟುವ ಗೌಂಡಿಗಳು ಹೇಳಿದ ಕೂಲಿಗೆ ಹೆದರಿ, ದೇವದುರ್ಗದ ಕಡೆಯ ಮಸರಕಲ್‌ನವನೊಬ್ಬನನ್ನು ಹಿಡಿದು ತಂದೆ. ಒಳ್ಳೆಯ ಕೈ, ಮಾತು ಕಡಿಮೆ. ಆದರೆ ನಮ್ಮ ಅಮ್ಮ ಕಟ್ಟಾ ಮಡಿಯವರು. ಒಲೆಯನ್ನು ಹಿಂದಿನ ಪಡಸಾಲೆಗೆ ಸಾಗಿಸಿದ್ದರೂ ಅಡುಗೆಮನೆ ಅಡುಗೆಮನೆಯೇ ಎಂಬುದು ಅವರ ವಾದ. ಗೌಂಡಿ ಸಂಜೆ ಹೋದದ್ದೇ ತಡ, ಅವನು ಮುಟ್ಟಿದ ಗೋಡೆ, ಕಟ್ಟೆ, ನೆಲ ಎಲ್ಲದಕ್ಕೂ ಕೊಡಗಟ್ಟಲೆ ನೀರು ಸುರಿದು ಶುದ್ಧ ಮಾಡುತ್ತಿದ್ದರು. ಬೆಳಿಗ್ಗೆ ಎದ್ದು ಮತ್ತೊಂದು ಸಲ.

ಗೌಂಡಿಗೆ ಇದು ಗೊತ್ತಾದರೆ ಬೇಜಾರು ಮಾಡಿಕೊಂಡಾನು ಎಂದು ನನಗೆ ಒಳಗೊಳಗೇ ಸಂಕೋಚ. ನಾಲ್ಕನೇ ದಿನ ಅವನು ಗೋಡೆಯ ಮೇಲೆ ಅಂಗೈ ಒತ್ತಿ ನೋಡಿ ನನ್ನನ್ನು ಬದಿಗೆ ಕರೆದ.

"ಸರ, ಅಮ್ಮಾರು ಹೊಡಿಯೋ ಹಂಗ ಸಿಮೆಂಟಿಗಿ ನೀರು ಹೊಡಿಯೋರು ನನಗ ಇಲ್ಲೀತನಕ ಸಿಕ್ಕಿಲ್ರಿ. ಮುಂದಿನ ತಿಂಗಳು ದೇವದುರ್ಗದಾಗ ಒಂದು ಸ್ಲ್ಯಾಬ್ ಐತಿ. ಅವರನ್ನ ಹತ್ತು ದಿನ ಕಳಸ್ತೀರೇನು?"

ಚಿತ್ರದ ಟೈಲ್ಸ್

ಗೋಡೆಗೆ ಹಚ್ಚುವ ಟೈಲ್ಸ್‌ನಲ್ಲಿ ಅಂಗಡಿಯವರ ಬಳಿ ಉಳಿದುಹೋದ ಮಾಲು ಅಗ್ಗಕ್ಕೆ ಸಿಗುತ್ತದೆ ಎಂಬುದು ನನ್ನ ಸಂಶೋಧನೆ. ಬಿಳಿ ಟೈಲ್ಸ್ ಕೊಂಡರೆ ನಡುವೆ ಹಚ್ಚಲು ನಾಲ್ಕು ಚಿತ್ರದವು ಪುಕ್ಕಟೆ. ಕಟ್ಟಿನ ಮೇಲಿನದರಲ್ಲಿ ಬದನೆಕಾಯಿ ಇದ್ದುದನ್ನು ನೋಡಿ ಖುಷಿಯಿಂದ ಕಟ್ಟಿಸಿಕೊಂಡು ಬಂದೆ. ನಾನು ಶಾಲೆಗೆ ಹೋಗಿ ಬರುವಷ್ಟರಲ್ಲಿ ಗೌಂಡಿ ನಾಲ್ಕನ್ನೂ ಹಚ್ಚಿದ್ದ. ಅಮ್ಮ ಅದರ ಮುಂದೆ ನಿಂತಿದ್ದರು.

"ಇಲ್ಲಿ ಬಾರೋ. ಇದೇನು?"

"ಬದನಿಕಾಯಿ."

"ಅದರ ಬಾಜೂಕಿಂದು?"

ನೋಡಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿಯನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು. ಅಲ್ಲಿ ನೋಡಿದರೆ ಎರಡು ಕೋಳಿ ತತ್ತಿ.

"ಆಲೂಗಡ್ಡಿ ಇರಬೇಕಮ್ಮಾ. ಸಿಪ್ಪಿ ತೆಗದದ್ದು."

"ಆಲೂಗಡ್ಡಿನ್ನ ಒಂದೊಂದಕ್ಕ ಒಂದೊಂದು ಬಟ್ಟಲಾ ಮಾಡಿ ನಿಂದರಸ್ತಾರೇನೋ?"

ಒಡೆದು ತೆಗೆದರೆ ಸುತ್ತಲಿನವೂ ಹೋಗುತ್ತವೆ ಎಂದು ಗೌಂಡಿ ಹೇಳಿದ. ಕೊನೆಗೆ ಅದರ ಮೇಲಿನ ಸಂದಿಯಲ್ಲಿ ಒಂದು ಮೊಳೆ ಹೊಡೆದು ಮಠದ ಕ್ಯಾಲೆಂಡರ್ ನೇತುಹಾಕಿದೆವು. ಈಗ ನಮ್ಮ ಮನೆಯಲ್ಲಿ ಏಕಾದಶಿ ಯಾವತ್ತು ಎಂದು ಕೇಳಿದರೆ ಎಲ್ಲರೂ ತತ್ತಿಯ ಕಡೆಗೇ ನೋಡುತ್ತಾರೆ.

ಮಾನ್ವಿಯ ಬಾಗಿಲು

ಮಾನ್ವಿಯಲ್ಲಿರುವ ನನ್ನ ಹೆಂಡತಿಯ ಅಣ್ಣ ಫೋನು ಮಾಡಿ, ಅಲ್ಲೊಂದು ಹಳೇ ಮನೆ ಕೆಡವುತ್ತಿದ್ದಾರೆ, ಸಾಗುವಾನಿ ಬಾಗಿಲು ಹೆಚ್ಚುಕಡಿಮೆ ಬಿಟ್ಟಿಯಾಗಿ ಬರುತ್ತದೆ ಎಂದ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದೆ. ಬಡಿಗ ಅದನ್ನು ಕೊಯ್ದು ಅಡುಗೆಮನೆಯ ಕಪಾಟಿಗೆ ಕದ ಮಾಡಿದ. ಅದರ ಕಬ್ಬಿಣದ ಚಿಲಕ ಗಟ್ಟಿಮುಟ್ಟಾಗಿತ್ತು, ಎಸೆಯುವುದೇಕೆ ಎಂದು ಅದನ್ನೇ ಹಾಕಿಸಿದೆ.

ಕಪಾಟು ತೆಗೆದರೆ ದೊಡ್ಡ ವಾಡೆಯ ಹೆಬ್ಬಾಗಿಲು ತೆಗೆದಷ್ಟು ಸದ್ದು. ಒಳಗಿನ ಇಂಗಿನ ಡಬ್ಬಿಗೆ ಯಾರು ಕೈ ಹಾಕಿದರೂ ಅಮ್ಮ ದೇವರ ಮನೆಯಿಂದ, "ಯಾರು ಬಂದ್ರು ನೋಡ್ರಿ" ಎನ್ನುತ್ತಾರೆ. ನನಗೆ ಸಕ್ಕರೆ ಕಾಯಿಲೆ. ಮೊದಲೆಲ್ಲ ಮಧ್ಯಾಹ್ನ ಸದ್ದಿಲ್ಲದೆ ಒಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮೊನ್ನೆ ಹಾಗೇ ಚಿಲಕ ಎಳೆದೆ. ಅಮ್ಮ ಕೂಗುವ ಮೊದಲೇ ಪಕ್ಕದ ಮನೆಯವರು ಹೊರಗೆ ಬಂದು, "ಯಾರ್ರಿ, ನಮ್ಮ ಮನಿಗೇನು?" ಎಂದು ಕೇಳಿದರು.

ಅಳತೆ

ಇನ್ನು ಮುಖ್ಯವಾದದ್ದು, ಗ್ಯಾಸ್ ಕಟ್ಟೆ. ಇಷ್ಟೆಲ್ಲ ಮಾಡಿದ್ದೇ ಅದಕ್ಕಾಗಿ. ಎತ್ತರ ಎಷ್ಟಿರಬೇಕು ಎಂದು ನಾನು ಇಂಚಿನಲ್ಲಿ ಬರೆದುಕೊಟ್ಟ ಚೀಟಿಯನ್ನು ಗೌಂಡಿ ಮಡಚಿ ಕಿವಿಗೆ ಸಿಕ್ಕಿಸಿಕೊಂಡ. ಅವನ ಪದ್ಧತಿಯೇ ಬೇರೆ. ಅಡುಗೆ ಮಾಡುವವರನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಮೊಳಕೈಗಿಂತ ನಾಲ್ಕು ಬೆರಳು ಕೆಳಗೆ ಗೆರೆ ಎಳೆಯುತ್ತಾನೆ. ಆ ಗೆರೆಗೇ ಕಟ್ಟೆ.

"ಅಡಿಗಿ ಮಾಡೋರನ್ನ ಕರೀರಿ" ಎಂದ.

ಹೆಂಡತಿ ಪಡಸಾಲೆಯಲ್ಲಿ ಮಡಿಯಲ್ಲಿದ್ದಳು. ಅವನು ಮುಟ್ಟಿದ ಗೋಡೆಗೆ ಆನಿಕೊಂಡು ನಿಲ್ಲುವುದು ಆಗದ ಮಾತು. ನನಗೋ ಶಾಲೆಯ ಗಂಟೆಯ ಅವಸರ.

"ನಂದೇ ತಗೋ. ಆಮ್ಯಾಲೆ ಒಂದೂವರಿ ಗೇಣು ಕೆಳಗಿಳಸು, ಆಕೀದು ಬರ್ತದ" ಎಂದು ಹೇಳಿ ಗೋಡೆಗೆ ನಿಂತೆ. ನಾನು ಆರಡಿ ಮನುಷ್ಯ. ಅವನು ಗೆರೆ ಎಳೆದ, ನಾನು ಹೊರಟೆ.

ಮೂರನೇ ದಿನ ಗ್ರಾನೈಟ್ ಕೂತಿತು. ಅಮ್ಮ ಒಲೆಗೆ ಅರಿಸಿನ ಕುಂಕುಮ ಹಚ್ಚಿ ಹಾಲು ಉಕ್ಕಿಸಲು ಸೊಸೆಯನ್ನು ಕರೆದರು. ಅವಳು ಕಟ್ಟೆಯ ಮುಂದೆ ನಿಂತಳು. ಕಟ್ಟೆ ಅವಳ ಎದೆಗೆ ಬಂತು. ಪಾತ್ರೆಯಲ್ಲಿ ಹಾಲಿದೆಯೋ ಇಲ್ಲವೋ ಅವಳಿಗೆ ಕಾಣುತ್ತಿರಲಿಲ್ಲ. ಅವಳು ಕೇಳಿದ್ದೇ ಒಂದು, ಅದನ್ನೇ ಕೆಡಿಸಿದ್ದೆ. ಒಡೆದು ಮತ್ತೆ ಕಟ್ಟಿಸೋಣವೆಂದರೆ ಕೈಯಲ್ಲಿ ದುಡ್ಡು ಉಳಿದಿಲ್ಲ.

ಅವಳು ಮಾತ್ರ ಶಾಂತವಾಗಿ ಈಚೆ ಸರಿದಳು. "ನಿಮ್ಮ ಅಳತೀಗೇ ಆಗ್ಯದಲ್ಲ. ನೀವೇ ಉಕ್ಕಸ್ರಿ."

ಅಮ್ಮ ಅಡ್ಡ ಬರುತ್ತಾರೆಂದು ಆಸೆಯಿಂದ ಅವರ ಕಡೆ ನೋಡಿದೆ.

"ಗಂಡಸರು ಮಡೀಲೆ ಅಡಿಗಿ ಮಾಡೋದು ನಮ್ಮಲ್ಲೇನು ಹೊಸದಲ್ಲ. ಮಠದಾಗ ಮತ್ಯಾರು ಮಾಡ್ತಾರ? ಸ್ನಾನ ಮಾಡಿ ಧೋತರ ಉಟ್ಕೊಂಡು ಬಾ" ಎಂದರು ಅಮ್ಮ.

ಅಂದಿನಿಂದ ಶಾಲೆಗೆ ಹೋಗುವ ಮುಂಚೆ ಸಾರು, ಅನ್ನ, ಪಲ್ಯ ನನ್ನವು. ಹದಿನೈದು ದಿನ ತಡೆದುಕೊಂಡು, ಒಂದು ಭಾನುವಾರ ಗೌಂಡಿಯನ್ನು ಕರೆಸಿದೆ. ಹಸಿ ಧೋತರದಲ್ಲಿ ಸೌಟು ಹಿಡಿದೇ ಅವನ ಮೇಲೆ ಹರಿಹಾಯ್ದೆ.

"ಒಂದೂವರಿ ಗೇಣು ಇಳಸು ಅಂತ ಹೇಳಿದ್ದಿಲ್ಲೇನು ನಿನಗ?"

"ಹೇಳಿದ್ರಿ ಸರ. ನಾ ಇಳಸಾಕ ಹೊಂಟಿದ್ದೆ. ಯಾರ ಗೇಣ್ಲೆ ಇಳಸ್ಲಿ ಅಂತ ಪಡಸಾಲಿಗಿ ಹೋಗಿ ಅಮ್ಮಾರನ್ನ ಕೇಳಿದ್ನಿ" ಎಂದು ನನ್ನ ಹೆಂಡತಿಯ ಕಡೆ ಕೈ ತೋರಿಸಿದ. "'ಸರಂದು ಗೆರಿ ಎಲ್ಲೈತಿ ಅಲ್ಲೇ ಇರ್ಲಿ, ಒಂದು ಬೆರಳೂ ಇಳಸಬ್ಯಾಡ' ಅಂದ್ರು."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು ಪೇಪರ್ ಓದುತ್ತಿದ್ದಳು. ಹಾಳೆ ತಿರುವಿ ಹೇಳಿದಳು:

"ಸಾರು ಉಕ್ಕಾಕತ್ತದ, ನೋಡ್ರಿ."