ಎರವಲು ನಾಲಿಗೆಗೆ ಚೀನೀ ಕಷಾಯ

ಶಿಸ್ತೊಂದಿದ್ದರೆ ಯಾವ ಕಾಯಿಲೆಯನ್ನೂ ಸಾಲಿನಲ್ಲಿ ನಿಲ್ಲಿಸಬಹುದೆಂದು ಮೈಸೂರಿನಲ್ಲಿ ಹೆಡ್‌ಮಾಸ್ಟರಾಗಿದ್ದಷ್ಟು ಕಾಲವೂ ನಂಬಿದ್ದೆ. ಮಗಳನ್ನು ನೋಡಲು ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್ ಬಡಾವಣೆಗೆ ಬಂದು, ವಿಮಾನಗಳು ನಿಂತು, ಅಲ್ಲೇ ಸಿಕ್ಕಿಕೊಂಡ ಮೇಲೂ ನಂಬಿಕೆ ಕದಲಲಿಲ್ಲ.

ಆಗ ಜೊತೆಗೆ ಬಂದಿದ್ದ ನನ್ನ ಹೆಂಡತಿ ಶಾರದೆಗೆ ಕೊರೊನಾ ಬಂತು. ಹೋಯಿತು. ಹೋಗುವಾಗ ಅವಳ ರುಚಿ, ವಾಸನೆ ಎರಡನ್ನೂ ಕೊಂಡೊಯ್ದಿತು. ಎರಡು ತಿಂಗಳಾದರೂ ಸಾರು ಅವಳಿಗೆ ಬಿಸಿನೀರು, ಅನ್ನ ಬರೀ ಹತ್ತಿ. ಊಟ ಬಿಟ್ಟು ಬಿಟ್ಟು ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಇಲ್ಲಿನ ಡಾಕ್ಟರು ಕಾಯಿರಿ ಎಂದರು. ಕಾಯುವುದು ನನ್ನ ವೇಳಾಪಟ್ಟಿಯಲ್ಲಿರಲಿಲ್ಲ!

ಮಗಳು ದ ಹೇಗ್‌ನಲ್ಲಿದ್ದ ಚೀನೀ ಮೂಲಿಕೆ ವೈದ್ಯೆಯೊಬ್ಬರನ್ನು ಫೋನಿನಲ್ಲಿ ಹಿಡಿದಳು. ಲಾಕ್‌ಡೌನಿನಲ್ಲಿ ನಾಡಿ ಹಿಡಿಯುವಂತಿಲ್ಲ. ಬೆಳಿಗ್ಗೆ ನಾಲಿಗೆಯ ಫೋಟೋ ಕಳಿಸಬೇಕು. ನಾನು ಶಾರದೆಯ ಕೈಗೆ ಟಂಗ್ ಕ್ಲೀನರ್ ಕೊಟ್ಟೆ. "ಚೆನ್ನಾಗಿ ಉಜ್ಜು. ಪರದೇಶದವರು ನೋಡ್ತಾರೆ." ಮೂರು ಸಲ ಉಜ್ಜಿಸಿದೆ.

ಫೋಟೋ ಹೋಯಿತು. ಫೋನ್ ಬಂತು. "ನಾನು ಓದೋದೇ ನಾಲಿಗೆ ಮೇಲಿನ ಲೇಪವನ್ನ. ನೀವು ಅದನ್ನೇ ಒರೆಸಿ ಕಳಿಸಿದ್ದೀರಿ. ನಾಳೆ ಹಾಗೇ ಕಳಿಸಿ."

ಉತ್ತರಪತ್ರಿಕೆಯನ್ನು ಅಳಿಸಿ ಮೌಲ್ಯಮಾಪನಕ್ಕೆ ಕಳಿಸಿದ ಹೆಡ್‌ಮಾಸ್ಟರು ನಾನೊಬ್ಬನೇ ಇರಬೇಕು.

ಮರುದಿನ ಮನೆಯಲ್ಲಿ ಯಾರೂ ನಾಲಿಗೆ ಉಜ್ಜಕೂಡದೆಂದು ಆಜ್ಞೆ ಹೊರಟಿತು. ನಾನು ಪಾಲಿಸಿದೆ. ಶಾರದೆ ಮಾತ್ರ, ನಾನೇ ಕಲಿಸಿದ ಅಭ್ಯಾಸದಂತೆ, ಐದೂವರೆಗೆ ಎದ್ದು ಉಜ್ಜಿಯೇ ಬಂದಳು! ಎರಡನೇ ಸಲ ವೈದ್ಯೆಯ ಕ್ಷಮೆ ಕೇಳುವುದೇ? ಒಂದೇ ಅಡುಗೆ, ಒಂದೇ ವೇಳಾಪಟ್ಟಿ. ಗಂಡ ಹೆಂಡತಿಯ ನಾಲಿಗೆ ಬೇರೆ ಹೇಗಾದೀತು? ನನ್ನದನ್ನೇ ಚಾಚಿ, ಫೋಟೋ ತೆಗೆದು, ಗುಟ್ಟಾಗಿ ಕಳಿಸಿದೆ.

ಬೇರು, ತೊಗಟೆ, ಒಣಹೂವಿನ ಪೊಟ್ಟಣ ಬಂತು. ವೈದ್ಯೆ ಹೇಳಿದ ಪ್ರಕಾರ ಅದರಲ್ಲಿ ಒಂದು ಮೂಲಿಕೆ ರಾಜ, ಒಂದು ಮಂತ್ರಿ, ಉಳಿದವು ಸಹಾಯಕರು. ಈ ಆಡಳಿತ ನನಗೆ ಬಹಳ ಹಿಡಿಸಿತು. ಗಡಿಯಾರ ಹಿಡಿದು ಕುದಿಸಿದೆ. ಕಹಿ ಘಾಟಿಗೆ ಮಗಳು ಕಿಟಕಿ ತೆರೆದಳು. ಶಾರದೆ ನೀರು ಕುಡಿದಂತೆ ಕುಡಿದಳು. ಮೂರನೇ ದಿನ ಹೊಟ್ಟೆ ಕೆಟ್ಟು, ಕೈಕಾಲು ತಣ್ಣಗಾಗಿ, ಹಾಸಿಗೆ ಹಿಡಿದಳು.

ಗಾಬರಿಯಾದ ಮಗಳು ವೈದ್ಯೆಗೆ ವಿಡಿಯೋ ಕರೆ ಮಾಡಿದಳು. ಅವರು ಶಾರದೆಯ ನಾಲಿಗೆ ನೋಡಿದರು. ಹಳೆಯ ಫೋಟೋ ತೆರೆದು ಹೋಲಿಸಿದರು.

"ಇದು ಬಿಳಿಚಿದ ನಾಲಿಗೆ, ಶೀತದ ದೇಹ. ಫೋಟೋದಲ್ಲಿ ಇದ್ದದ್ದು ಕೆಂಪು ನಾಲಿಗೆ, ಹಳದಿ ಲೇಪ, ಒಳಗೆಲ್ಲ ಉಷ್ಣ. ಅದನ್ನ ತಣಿಸೋ ಔಷಧ ಇವರಿಗೆ ಹೇಗೆ ಒಗ್ಗುತ್ತೆ? ನಾವು ರೋಗ ನೋಡಿ ಅಲ್ಲ, ಮನುಷ್ಯರನ್ನ ನೋಡಿ ಕೊಡೋದು. ಮೊದಲು ಅದನ್ನ ನಿಲ್ಲಿಸಿ. ಆ ನಾಲಿಗೆ ಯಾರದು?"

ಮಗಳು ನನ್ನತ್ತ ತಿರುಗಿದಳು. "ಅಪ್ಪಾ! ಸೀರಿಯಸ್ಲಿ?"

ಶಾರದೆ ದಿಂಬಿನಿಂದ ತಲೆಯೆತ್ತಿದಳು. "ಏನ್ರೀ, ನಲವತ್ತು ವರ್ಷ ನನ್ನ ಪರವಾಗಿ ನೀವೇ ಮಾತಾಡಿದ್ದು ಸಾಲ್ದು ಅಂತ, ಈಗ ನಾಲಿಗೇನೂ ನೀವೇ ಚಾಚಿದ್ರಾ?"

ವೈದ್ಯೆ ನನ್ನನ್ನು ಹೊರಗೆ ಕಳಿಸಿದರು. ಮುಕ್ಕಾಲು ಗಂಟೆ ಬಾಗಿಲ ಹಿಂದೆ ನಿಂತೆ. ಒಳಗೆ ಶಾರದೆ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು: ವರ್ಷಗಳಿಂದ ಸರಿಯಾದ ನಿದ್ದೆಯಿಲ್ಲ, ಪಾದ ಸದಾ ತಣ್ಣಗೆ, ಅಷ್ಟು ಬೇಗ ಏಳುವುದು ಎಂದೂ ಮೈಗೆ ಒಗ್ಗಿಲ್ಲ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಹೇಳಿದ್ದಳಂತೆ. ಹಲವು ಸಲ!

ಹೊಟ್ಟೆ ಸರಿಹೋಗಿ, ಅವಳದೇ ಔಷಧ ಬಂದಿದೆ. ಕುದಿಸುವವಳು ಮಗಳು. ರುಚಿ ಇನ್ನೂ ಮರಳಿಲ್ಲ. ಹಳೆಯ ಪೊಟ್ಟಣ ಎಸೆಯಹೋದರೆ ಶಾರದೆ ತಡೆದಳು.

"ಯಾಕ್ರೀ ಎಸೀತೀರಾ? ನಿಮ್ಮನ್ನ ನೋಡಿಯೇ ಕೊಟ್ಟಿದ್ದಲ್ವಾ? ಕುಡೀರಿ."

ಕುಡಿದೆ. ಅಯ್ಯೋ, ನನಗೆ ರುಚಿ ಪೂರ್ತಿ ಗೊತ್ತಾಗುತ್ತದೆ!