ನಮ್ಮಣ್ಣ ಡಬ್ಬಾ ಗಾಡಿ ಆರಿಸಿದ್ದು

ಹೆಣ್ಣು ನೋಡಲು ಹೋದ ದಿನ ತಟ್ಟೆಯಲ್ಲಿದ್ದ ಉಪ್ಪಿಟ್ಟು ತಣ್ಣಗಾಗುವ ಮೊದಲೇ "ನಂಗೆ ಒಪ್ಪಿಗೆ" ಎಂದುಬಿಟ್ಟ ಮನುಷ್ಯ, ಹಾಸಿಗೆ ದಿಂಬು ಸಾಗಿಸುವ ಗಾಡಿಯೊಂದನ್ನು ಒಪ್ಪಲು ಒಂಬತ್ತು ತಿಂಗಳು ತೆಗೆದುಕೊಂಡರೆ ಅವನನ್ನು ಏನೆಂದು ಕರೆಯಬೇಕು? ಗಾಡಿ ಮಾರುವವರು ಅವನ ಬೆನ್ನ ಹಿಂದೆ ಏನೇನೋ ಕರೆದರು. ನಾನು ಮಾತ್ರ ಅಣ್ಣ ಎಂದೇ ಕರೆಯಬೇಕು, ಒಡಹುಟ್ಟಿದ ತಪ್ಪಿಗೆ!

ಕಾಟನ್‌ಪೇಟೆಯ ನಾಲ್ಕೈದು ಹಾಸಿಗೆ ಅಂಗಡಿಗಳಿಂದ ಮಾಲು ಎತ್ತಿಕೊಂಡು ಮನೆಮನೆಗೆ ಮುಟ್ಟಿಸುವುದು ಅಣ್ಣನ ಕಸುಬು. ಹಳೆಯ ಟೆಂಪೋ ಒಂದಿತ್ತು. ಓಡಿಸುವವನು ಅವನು, ಪಕ್ಕದ ಸೀಟಿನಲ್ಲಿ ನಮ್ಮ ಅತ್ತಿಗೆ, ಮಡಿಲಲ್ಲಿ ವಿಳಾಸದ ಚೀಟಿಗಳು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಯಾಕೆಂದರೆ ಅಣ್ಣನಿಗೆ ದಾರಿ ಎನ್ನುವುದು ತಲೆಗೆ ಹತ್ತುವುದಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಚಾಮರಾಜಪೇಟೆಯಲ್ಲೇ ಆದರೂ ಒಂದು ಮೇನ್ ರೋಡಿನಿಂದ ಅದರ ಪಕ್ಕದ ಮೇನ್ ರೋಡಿಗೆ ಬರಲು ಅವನು ಬಸವನಗುಡಿಯನ್ನು ಸುತ್ತಿ ಬಂದದ್ದುಂಟು. ಅತ್ತಿಗೆಗೆ ಮಲ್ಲೇಶ್ವರದ ಅಷ್ಟೂ ಕ್ರಾಸುಗಳು ಬಾಯಿಪಾಠ. "ಎಡಕ್ಕೆ ತಗೊಳ್ರೀ. ಎಡ ಅಂದ್ರೆ ವಾಚು ಕಟ್ಟಿರೋ ಕೈ" ಎನ್ನುವರು. ಅಣ್ಣ ವಾಚು ನೋಡಿಕೊಂಡು ತಿರುಗಿಸುವನು.

ಹೋದ ವರ್ಷ ಎರಡು ಕೆಟ್ಟ ಸುದ್ದಿ ಒಂದೇ ವಾರದಲ್ಲಿ ಬಂದವು. ಟೆಂಪೋಗೆ ವಯಸ್ಸಾಗಿದೆ, ಇನ್ನು ರಸ್ತೆಗಿಳಿಸಲು ಎಫ್‌ಸಿ ಸಿಗುವುದಿಲ್ಲ ಎಂದರು ಆರ್‌ಟಿಓ ಆಫೀಸಿನವರು. ಅತ್ತಿಗೆಯ ಬೆನ್ನುನೋವನ್ನು ಪರೀಕ್ಷಿಸಿದ ಡಾಕ್ಟರು ಅಣ್ಣನನ್ನೂ ನನ್ನನ್ನೂ ಒಳಗೆ ಕರೆದು, ಕ್ಯಾನ್ಸರು ಮೂಳೆಗೆ ಇಳಿದಿದೆ, ಒಂದು ವರ್ಷ ಕಳೆದರೆ ಹೆಚ್ಚು ಎಂದರು. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, "ಗಾಡೀಲಿ ಕೂರಬಹುದಾ ಸಾರ್?" ಎಂದ. ಕುಲುಕಾಟ ಇಲ್ಲದಿದ್ದರೆ ಸ್ವಲ್ಪ ಹೊತ್ತು ಕೂರಬಹುದು ಎಂದರು ಡಾಕ್ಟರು, ಬಹುಶಃ ಸಮಾಧಾನಕ್ಕೆ. ಅಣ್ಣ ಆ ಒಂದು ಮಾತನ್ನು ಹಿಡಿದುಕೊಂಡ. ಉಳಿದದ್ದನ್ನು ಕೇಳಿಯೇ ಇಲ್ಲ ಎನ್ನುವಂತೆ ಮಾರನೆಯ ದಿನವೇ ಗಾಡಿ ನೋಡಲು ಹೊರಟ. ಜೊತೆಗೆ ನಾನು.

ಹತ್ತಿಯ ಹಾಸಿಗೆಗೆ ಮಳೆ ಎಂದರೆ ಆಗದು. ಹಿಂದೆ ಪೂರಾ ಮುಚ್ಚಿದ ಪೆಟ್ಟಿಗೆಯಿರುವ ಗಾಡಿಯೇ ಬೇಕು. ಮೈಸೂರು ರಸ್ತೆಯ ಮೊದಲ ಶೋರೂಮಿಗೆ ಕಾಲಿಟ್ಟವನೇ ಅಣ್ಣ, "ಒಂದು ಡಬ್ಬಾ ಗಾಡಿ ಬೇಕಿತ್ತು" ಎಂದ. ಟೈ ಕಟ್ಟಿದ್ದವನ ಮುಖ ಸಣ್ಣದಾಯಿತು.

"ನಮ್ಮತ್ರ ಡಬ್ಬಾ ಗಾಡಿ ಇಲ್ಲ ಸಾರ್. ಎಲ್ಲಾ ಒಳ್ಳೇ ಗಾಡಿಗಳೇ."

"ಒಳ್ಳೇದೇ ಬೇಕು. ಡಬ್ಬಾದಲ್ಲೇ ಒಳ್ಳೇದು ತೋರ್ಸಿ."

ಒಳಗಿನಿಂದ ಮ್ಯಾನೇಜರು ಎದ್ದು ಬಂದರು. ನಮ್ಮ ಗಾಡಿಯನ್ನು ಡಬ್ಬಾ ಎಂದವರು ಯಾರು ಎಂದು ವಿಚಾರಣೆಯೇ ಆಯಿತು! ಹಿಂದಿನ ಪೆಟ್ಟಿಗೆಗೆ ಹಾಗೆ ಹೇಳಿದ್ದು, ಗಾಡಿಯ ಗುಣಕ್ಕಲ್ಲ ಎಂದು ನಾನು ಬಿಡಿಸಿ ಹೇಳಿದೆ. "ಓ, ಕಂಟೈನರ್ರಾ" ಎಂದು ಅವರು ನಕ್ಕರು. ಹೊರಗೆ ಬಂದ ಮೇಲೆ ಅಣ್ಣ, "ಮಾತು ಅರ್ಥ ಆಗದೋರ ಹತ್ರ ಗಾಡಿ ತಗೋಬಾರ್ದು" ಎಂದು ಆ ಶೋರೂಮನ್ನೇ ಪಟ್ಟಿಯಿಂದ ತೆಗೆದುಹಾಕಿದ.

ಎರಡನೆಯ ಕಡೆ ಚಪ್ಪಲಿ ಕಳಚಿ ಪೆಟ್ಟಿಗೆಯೊಳಗೆ ಹತ್ತಿ ಉದ್ದಕ್ಕೆ ಮಲಗಿಬಿಟ್ಟ. ಡಬಲ್ ಹಾಸಿಗೆ ತನಗಿಂತ ಒಂದು ಗೇಣು ಉದ್ದ, ಅದು ಹಿಡಿಸುತ್ತದೋ ಇಲ್ಲವೋ ನೋಡಬೇಡವೇ? ಟೇಪು ಹಿಡಿದು ಅಳೆಯಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಟೇಪಿಗೆ ಸೆಕೆ ಆಗುತ್ತಾ?" ಎಂದ. ಅಷ್ಟರಲ್ಲಿ ಬಾಗಿಲಿನ ಗಟ್ಟಿತನ ತೋರಿಸುವ ಉತ್ಸಾಹದಲ್ಲಿ ಮಾರುವವನು ಅದನ್ನು ಮುಚ್ಚಿ ಚಿಲಕ ಹಾಕಿಬಿಟ್ಟ. ತೆಗೆದಾಗ ಅಣ್ಣ ಬೆವರು ಒರೆಸಿಕೊಳ್ಳುತ್ತಾ ಇಳಿದು, "ಹಾಸಿಗೆಗೆ ಉಸಿರು ಕಟ್ಟುತ್ತೆ" ಎಂದ. ಆ ಗಾಡಿಯೂ ಹೋಯಿತು.

ಆದರೆ ಪೆಟ್ಟಿಗೆಯ ಪರೀಕ್ಷೆಯೆಲ್ಲ ನೆಪ. ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಮುಂದೆ. ಅತ್ತಿಗೆ ಬೆನ್ನಿಗಿಟ್ಟುಕೊಳ್ಳುವ ದಿಂಬನ್ನು ಚೀಲದಲ್ಲಿ ತಂದಿರುತ್ತಿದ್ದ. ಅದನ್ನು ಪಕ್ಕದ ಸೀಟಿಗಿಟ್ಟು, ತಾನು ಒರಗಿ ಕಣ್ಣು ಮುಚ್ಚಿ ಕೂತು, "ಹಂಪ್ ಇರೋ ಕಡೆ ಹೋಗಿ" ಎನ್ನುವನು. ಶೋರೂಮಿನವರು ನುಣ್ಣನೆಯ ರಸ್ತೆ ಹುಡುಕಿದರೆ ಇವನು ಅಗೆದ ರಸ್ತೆಯನ್ನೇ ಕೇಳುವನು. ನಮ್ಮೂರಲ್ಲಿ ಅದಕ್ಕೇನು ಬರ! ಒಬ್ಬಾತ ತಡೆಯಲಾರದೆ, "ಸಾರ್, ಓಡಿಸೋರು ನೀವಲ್ವಾ? ಈ ಕಡೆ ಯಾಕೆ ಕೂತಿದೀರಾ?" ಎಂದ. ಅಣ್ಣ ಕಣ್ಣು ಬಿಡದೆ, "ಮಾತಾಡ್ಬೇಡಿ, ಬೆನ್ನು ಏನು ಹೇಳುತ್ತೆ ಕೇಳ್ತಿದೀನಿ" ಎಂದ. ಅವರಿಬ್ಬರ ನಡುವೆ ಮುದುಡಿ ಕೂತಿದ್ದ ನನಗೆ ನಗು ಬರಲಿಲ್ಲ. ಆ ಬೆನ್ನು ಯಾರದ್ದೆಂದು ಗೊತ್ತಿತ್ತಲ್ಲ.

ಗಾಡಿ ಸಿಗುವವರೆಗೆ ಲಗೇಜ್ ಆಟೋ ಬಾಡಿಗೆಗೆ ಹಿಡಿದು, ಚೀಟಿಗಳನ್ನು ಒಬ್ಬನೇ ಇಟ್ಟುಕೊಂಡು ಓಡಾಡುತ್ತಿದ್ದ. ಅತ್ತಿಗೆ ಆಸ್ಪತ್ರೆಯಲ್ಲಿದ್ದ ಒಂದು ದಿನ ಶಂಕರಪುರಂನ ಮನೆಗೆ ಹೋಗಬೇಕಾದ ಡಬಲ್ ಹಾಸಿಗೆಯನ್ನು ಅದೇ ನಂಬರಿನ ಬೇರೆ ಯಾವುದೋ ಮನೆಯಲ್ಲಿ ಇಳಿಸಿ ಬಂದ. ಎರಡು ದಿನ ಹುಡುಕಿ ಹೋದರೆ, ಹೊಸದಾಗಿ ಮದುವೆಯಾದ ಹುಡುಗ ನಾಚಿಕೊಂಡು, "ನಮ್ ಮಾವ ಕಳಿಸಿರ್ಬೇಕು ಅಂದ್ಕೊಂಡ್ವಿ ಅಂಕಲ್" ಎಂದ. ಹೊಸ ದಂಪತಿ ಮಲಗಿದ ಹಾಸಿಗೆಯನ್ನು ಎತ್ತಿಕೊಂಡು ಬರುವುದುಂಟೇ? ಅಣ್ಣ ಒಳ್ಳೆಯದಾಗಲಿ ಎಂದು ಹರಸಿ ಬಂದ. ಕತೆ ಕೇಳಿ ಅತ್ತಿಗೆ ಆಸ್ಪತ್ರೆಯ ಮಂಚದಲ್ಲಿ ನೋವಿನಿಂದ ಪಕ್ಕೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

ಅಂಗಡಿಯವರೆಲ್ಲ ಅಷ್ಟರಲ್ಲಿ ಒಂದು ಗಾಡಿ ಗೊತ್ತುಮಾಡಿದ್ದರು. ಮೂರು ಗಾಲಿಯ ಕರೆಂಟು ಗಾಡಿ. ದೊಡ್ಡ ಡಬ್ಬ, ಕಾಟನ್‌ಪೇಟೆಯ ಎಂಥ ಸಂದಿಗೂ ನುಗ್ಗುತ್ತದೆ, ಕುಲುಕುವುದೂ ಇಲ್ಲ. ಕೊರತೆ ಒಂದೇ. ಅದರಲ್ಲಿ ಡ್ರೈವರಿಗೆ ಮಾತ್ರ ಸೀಟು. ಅಣ್ಣ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಾನು ಒಂದು ದಿನ ಸಿಟ್ಟಿಗೆದ್ದು, "ಇನ್ನೊಂದು ಸೀಟು ಯಾಕಣ್ಣ? ಅತ್ತಿಗೆ ಇನ್ಮೇಲೆ..." ಎಂದು ಶುರುಮಾಡಿದೆ. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ. ಮಾತು ಮುಗಿಸಲು ನನಗೆ ಧೈರ್ಯವಾಗಲಿಲ್ಲ. ಆ ಅರ್ಧ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಒಂಬತ್ತನೆಯ ತಿಂಗಳಲ್ಲಿ ಅತ್ತಿಗೆಯೇ ಎದ್ದು ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, "ನಡೀರಿ, ನಾನೇ ಬರ್ತೀನಿ. ನೀವು ಆರಿಸೋದ್ರೊಳಗೆ ನಾನಿರಲ್ಲ" ಎಂದರು. ಮನೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದವರು ಅವರೇ ಮೊದಲು. ಆಟೋದಲ್ಲಿ ನಿಧಾನವಾಗಿ ಕರೆದೊಯ್ದೆವು.

ಶೋರೂಮಿನಲ್ಲಿ ಎರಡೂ ಬಗೆಯ ಗಾಡಿ ನಿಂತಿದ್ದವು. ಅಣ್ಣ ನಾಲ್ಕು ಗಾಲಿಯ, ಎರಡು ಸೀಟಿನದರ ಬಾಗಿಲು ತೆಗೆದು, ದಿಂಬಿಟ್ಟು, ಅವರನ್ನು ಎತ್ತಿ ಕೂರಿಸಿದ. ಎರಡೇ ನಿಮಿಷ. ಅವರ ಹಣೆಯಲ್ಲಿ ಬೆವರೊಡೆಯಿತು, ತುಟಿ ಕಚ್ಚಿಕೊಂಡು ಇಳಿದುಬಿಟ್ಟರು. ಸುಧಾರಿಸಿಕೊಂಡು, ಬಿಲ್ಲು ಬರೆಯುವ ಹುಡುಗಿಗೆ, "ಆ ಒಂದು ಸೀಟಿಂದೇ ಬರ್ಕೊಳ್ಳಮ್ಮ" ಎಂದರು.

"ಬೇಡ. ಎರಡು ಸೀಟಿಂದು" ಎಂದ ಅಣ್ಣ.

"ನನ್ ಕೈಲಿ ಕೂರಕ್ಕಾಗಲ್ಲ ಅಂತ ಈಗ ತಾನೇ ನೋಡಿದ್ರಲ್ಲ. ಸುಮ್ನೆ ಖಾಲಿ ಇರುತ್ತೆ ಕಣ್ರೀ ಆ ಸೀಟು."

ಅಣ್ಣ ತಲೆ ತಗ್ಗಿಸಿ, "ಇರ್ಲಿ ಬಿಡು" ಎಂದ. "ಖಾಲಿ ಇರಕ್ಕಾದ್ರೂ ಒಂದು ಸೀಟು ಬೇಕಲ್ಲ."

ಹುಡುಗಿ ಪೆನ್ನು ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅವರು ಹೇಳಿದ್ದೇ ಬರ್ಕೊಳ್ಳಮ್ಮ" ಎಂದರು. ಆಮೇಲೆ ಅಣ್ಣನ ಭುಜ ಹಿಡಿದುಕೊಂಡು, ಬೇಡವೆಂದರೂ ಕೇಳದೆ, ಮತ್ತೆ ಹತ್ತಿ ಆ ಸೀಟಿನಲ್ಲಿ ಕೂತರು. ಅಣ್ಣ ಆ ಕಡೆಯಿಂದ ಹೋಗಿ ಸ್ಟೀರಿಂಗ್ ಮುಂದೆ ಕೂತ. ಗಾಡಿ ನಿಂತಲ್ಲೇ ನಿಂತಿತ್ತು. ನಾನು ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತು ಅತ್ತೆ.