ಇಲ್ಲದ ಸೋರಿಕೆ

ವರದಿ ಮೇಷ್ಟ್ರು ಅಂದು ಬೆಳಿಗ್ಗೆ ನೀರು ಸರಬರಾಜು ಕಚೇರಿಗೆ ಫೋನ್ ಮಾಡಿ ಒಂದು ಹಸಿ ಸುಳ್ಳು ಹೇಳಿದರು: “ನಮ್ಮ ಮನೆ ಮುಂದೆ ಪೈಪು ಒಡೆದಿದೆ.”

ಸುಳ್ಳು ಅವರ ಕಸುಬಲ್ಲ. ಸರ್ಕಾರಿ ಕಚೇರಿಗಳು ಯಾಕೆ ಕೆಡುತ್ತವೆ ಎಂದು ವರ್ಷಗಟ್ಟಲೆ ವರದಿ ಬರೆದು, ಬೀದಿಯವರಿಂದ ಆ ಹೆಸರು ಪಡೆದವರು. ಈ ಸಲ ಅವರ ಸಂಶೋಧನಾ ಸಂಸ್ಥೆ ಉಲ್ಟಾ ಕೆಲಸ ಹಚ್ಚಿತ್ತು. ಈ ಒಂದು ಕಚೇರಿ ಮಾತ್ರ ಅಷ್ಟು ಚೆನ್ನಾಗಿ ನಡೆಯುವುದು ಹೇಗೆ, ಪತ್ತೆಮಾಡಿ! ಫೋನ್ ಮಾಡಿದರೆ ಓಡಿಬರುತ್ತಾರಂತೆ. ‘ಬಂದ ಹಾಗೇ ಇದೆ’ ಎಂದುಕೊಂಡು ಮೇಷ್ಟ್ರು ಚಹಾದ ಲೋಟ ಎತ್ತಿಕೊಂಡರು.

ಚಹಾ ಆರುವ ಮೊದಲೇ ಬಾಗಿಲಲ್ಲಿ ವ್ಯಾನು ನಿಂತಿತು. ಇಂಜಿನಿಯರಮ್ಮ ಇಳಿದರು, ಹಿಂದೆಯೇ ಗುದ್ದಲಿ ಹಿಡಿದ ಫಿಟ್ಟರ್.

“ಎಲ್ಲಿ ಸಾರ್ ಒಡೆದಿರೋದು?”

ರಸ್ತೆ ಇಸ್ತ್ರಿ ಮಾಡಿದ ಅಂಗಿಯಷ್ಟು ಒಣಗಿತ್ತು. “ಅದು... ಒಳಗೊಳಗೇ ಒಡೆದಿರ್ಬೇಕು,” ಎಂದು ಮೇಷ್ಟ್ರು ತಡವರಿಸಿದರು.

ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದ. “ಹೌದು ಮೇಡಂ! ನಮ್ಮನೇಲಿ ನೀರು ದಾರದ ಹಾಗೆ ಬರತ್ತೆ.”

ಮಹಡಿಯ ಅಜ್ಜಿ ಕಿಟಕಿಯಿಂದಲೇ ಸೇರಿಸಿದರು, “ಮಲಗಿದ್ರೆ ನಂಗೆ ಬುಳುಬುಳು ಅಂತ ಕೇಳ್ಸತ್ತೆ ಕಣಮ್ಮ!”

“ನಿಮ್ಗೆ ಕಿವೀನೇ ಕೇಳ್ಸಲ್ವಲ್ಲ ಅಜ್ಜಿ?” ಎಂದರು ಮೇಷ್ಟ್ರು.

“ಮಾತು ಕೇಳ್ಸಲ್ಲ. ನೀರು ಕೇಳ್ಸತ್ತೆ!”

“ಮತ್ತೆ ಇಷ್ಟು ದಿನ ಯಾಕೆ ದೂರು ಕೊಡ್ಲಿಲ್ಲ?” ಎಂದರು ಇಂಜಿನಿಯರಮ್ಮ.

“ಕೊಟ್ರೂ ಯಾರೂ ಬರಲ್ಲ ಅಂತ ಮೇಷ್ಟ್ರೇ ಹೇಳಿದ್ರಲ್ಲ!” ಎಂದ ಟೈಲರ್. ಮೇಷ್ಟ್ರ ಮುಖ ಇಷ್ಟೇ ಇಷ್ಟಾಯಿತು.

ಫಿಟ್ಟರ್ ಕಬ್ಬಿಣದ ಸರಳೊಂದನ್ನು ನೆಲಕ್ಕೂರಿ, “ನೀವೇ ಕಿವಿ ಇಟ್ಟು ಕೇಳಿ ಸಾರ್,” ಎಂದ. ಮೇಷ್ಟ್ರಿಗೆ ಕೇಳಿಸಿದ್ದು ತಮ್ಮ ಎದೆಯ ಡವಡವ ಮಾತ್ರ. ಇಲ್ಲವೆಂದು ತಲೆಯಾಡಿಸಿದರು. ಫಿಟ್ಟರ್ ಅದನ್ನು ಹೌದೆಂದು ತಿಳಿದು ಅಗೆಯತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಗುಂಡಿಯ ಸುತ್ತ ನೆರೆದಿತ್ತು. “ಎಡಕ್ಕೆ, ಇನ್ನೂ ಎಡಕ್ಕೆ,” ಎನ್ನುತ್ತ ಟೈಲರ್ ಬಟ್ಟೆ ಕತ್ತರಿಸುವವನ ಹಾಗೆ ನೆಲದ ಮೇಲೆ ಗೆರೆ ಎಳೆದ. ಅಂಚು ಕುಸಿದು ಮೇಷ್ಟ್ರು ಗುಂಡಿಯೊಳಕ್ಕೆ ಜಾರಿದರು. “ಪಾಪ, ತಾವೇ ಇಳಿದ್ರು ನೋಡಿ!” ಎಂದು ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯನ್ನು ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಕೈ ಹಿಡಿದು ಎತ್ತಲು ಬಗ್ಗಿದ ಇಂಜಿನಿಯರಮ್ಮನ ಕಿವಿಯಲ್ಲಿ ಉಸುರಿದರು, “ತಪ್ಪಾಯ್ತು ಮೇಡಂ. ಪೈಪು ಒಡೆದಿಲ್ಲ. ನಿಮ್ಮನ್ನ ಪರೀಕ್ಷೆ ಮಾಡೋಕೆ ಸುಳ್ಳು ಹೇಳ್ದೆ.”

“ಅನುಮಾನ ಇತ್ತು ಸಾರ್. ನಿಜವಾಗ್ಲೂ ಒಡೆದಿದ್ರೆ ಜನ ಫೋನಲ್ಲಿ ನಿಮ್ಮಷ್ಟು ವಿನಯವಾಗಿ ಮಾತಾಡಲ್ಲ, ಬೈತಾರೆ.”

“ಮತ್ಯಾಕೆ ಬಂದ್ರಿ?”

“ಸುಳ್ಳಿರ್ಬೋದು ಅಂತ ಕೂತ್ಕೊಂಡ್ರೆ ಕೂತೇ ಇರ್ತೀವಿ. ಅದಕ್ಕೇ ಮೊದ್ಲು ಬಂದ್ಬಿಡ್ತೀವಿ. ಬಂದ್ಮೇಲೆ ಅಜ್ಜಿ ಹೇಳಿದ್ದೂ ಕೇಳ್ತೀವಿ.”

ವರದಿಯ ತಿರುಳು ಸಿಕ್ಕಿತೆಂದು ಮೇಷ್ಟ್ರ ಮುಖ ಅರಳುವಷ್ಟರಲ್ಲಿ ಫಿಟ್ಟರ್ ಕೂಗಿದ, “ಸಿಕ್ತು!” ತುಕ್ಕು ತಿಂದ ಪೈಪಿನಿಂದ ನೀರು ಚಿಮ್ಮಿ ಮೇಷ್ಟ್ರ ಮುಖಕ್ಕೇ ಬಡಿಯಿತು.

ಸಂಜೆಗೆ ಬೀದಿಯ ನಲ್ಲಿಗಳೆಲ್ಲ ಭೋರ್ಗರೆದವು. ಟೈಲರ್ ಮೇಷ್ಟ್ರನ್ನು ಕೆಸರು ಸಮೇತ ಅಪ್ಪಿಕೊಂಡ. ಮೇಷ್ಟ್ರು ಹಿಗ್ಗುತ್ತ ಮನೆಗೆ ಬಂದು, ಸ್ನಾನಕ್ಕೆಂದು ನಲ್ಲಿ ತಿರುಗಿಸಿದರು. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಹೊರಗೆ ಓಡಿದರು.

“ಒಡೆದಿದ್ದು ನಿಮ್ಮನೆ ಪೈಪೇ ಸಾರ್,” ಎಂದರು ಇಂಜಿನಿಯರಮ್ಮ ವ್ಯಾನು ಹತ್ತುತ್ತ. “ಅದರ ಬಾಯಿ ಮುಚ್ಚಿದ್ವಿ, ಬೀದಿಗೆಲ್ಲ ನೀರು ಬಂತು. ಹೊಸ ಪೈಪು ಬೇಕಂದ್ರೆ ನಾಳೆ ಒಂದು ದೂರು ಕೊಡಿ.”

“ಇವತ್ತು ಕೊಟ್ಟಿದ್ದೆನಲ್ಲ!”

“ಅದು ಸುಳ್ಳು ಅಂತ ನೀವೇ ಹೇಳಿದ್ರಲ್ಲ ಸಾರ್!”

ಮೇಷ್ಟ್ರು ಬಕೆಟ್ ಹಿಡಿದು ಎದುರುಮನೆಯ ಬಾಗಿಲು ತಟ್ಟಿದರು.

“ಬನ್ನಿ ಮೇಷ್ಟ್ರೇ, ಎಷ್ಟು ಬೇಕಾದ್ರೂ ಹಿಡ್ಕೊಳ್ಳಿ,” ಎಂದ ಟೈಲರ್ ಬಾಯ್ತುಂಬ ನಗುತ್ತ. “ನಿಮ್ಮ ದಯದಿಂದ ಇವತ್ತು ನಮ್ಮಲ್ಲಿ ನೀರಿಗೆ ಬರವಿಲ್ಲ!”